ಅಂಕಪಟ್ಟಿ ಮುಗಿದ ಮೇಲೆ ಕೇಳುವ ಪ್ರಶ್ನೆ

ಅರಿಝೋನಾದ ಚಾಂಡ್ಲರ್‌ನಲ್ಲಿ ನೆಲೆಸಿರುವ ನಮ್ಮ ಕನ್ನಡದ ಮನೆಗಳಲ್ಲಿ ಸೆಪ್ಟೆಂಬರ್ ಬಂತೆಂದರೆ ಮಾತೆಲ್ಲ ಒಂದೇ ಕಡೆಗೆ ಹೊರಳುತ್ತದೆ. ಗಣೇಶನ ಹಬ್ಬದ ಊಟಕ್ಕೆ ಸಾಲಾಗಿ ಕುಳಿತಾಗಲೂ, ಎಲೆಗೆ ಕೋಸಂಬರಿ ಬೀಳುವ ಮುನ್ನವೇ, ಹನ್ನೆರಡನೆಯ ತರಗತಿಯ ಮಕ್ಕಳಿರುವ ತಂದೆತಾಯಿ ಪರಸ್ಪರ ವಿಚಾರಿಸಿಕೊಳ್ಳುತ್ತಾರೆ: ಎಲ್ಲೆಲ್ಲಿಗೆ ಅರ್ಜಿ, ಎಸ್‌ಎಟಿ ಪ್ರವೇಶ ಪರೀಕ್ಷೆಯಲ್ಲಿ ಎಷ್ಟು ಬಂತು, ಆನರ್ಸ್‌ಗೂ ಹಾಕಿದ್ದೀರಾ? ಕೊನೆಯ ಪ್ರಶ್ನೆ ಹತ್ತು ವರ್ಷಗಳ ಹಿಂದೆ ಅಷ್ಟಾಗಿ ಕೇಳಿಬರುತ್ತಿರಲಿಲ್ಲ. ಈಗ ಅದನ್ನು ಕೇಳದ ಮನೆಯಿಲ್ಲ. ನನ್ನ ಮಕ್ಕಳಿಬ್ಬರೂ ಈ ಘಟ್ಟ ದಾಟಿದ್ದಾರೆ. ಆಮೇಲೆ ಅಕ್ಕನ ಮಗನ ಅರ್ಜಿ, ಸ್ನೇಹಿತರ ಮಕ್ಕಳ ಅರ್ಜಿ ಎಂದು ಪ್ರತಿ ಮಳೆಗಾಲದ ಕೊನೆಗೆ ನಮ್ಮ ಅಡುಗೆಮನೆಯ ಮೇಜಿನ ಸುತ್ತ ಯಾರಾದರೊಬ್ಬರು ಅರ್ಜಿಯ ಜೊತೆ ಕಳಿಸಬೇಕಾದ ಪ್ರಬಂಧ ಹಿಡಿದು ಕುಳಿತಿರುತ್ತಾರೆ. ಅಲ್ಲಿ ಕಂಡದ್ದನ್ನು ಬರೆದಿಡಬೇಕೆಂದು ಬಹಳ ದಿನಗಳಿಂದ ಅನ್ನಿಸುತ್ತಿತ್ತು.

ಊರಿಗೆ ಫೋನು ಮಾಡಿ ಆನರ್ಸ್ ಎಂದರೆ ಅವರಿಗೆ ಬೇರೆಯೇ ಚಿತ್ರ ಮೂಡುತ್ತದೆ. ದೆಹಲಿಯಲ್ಲಿ ಬಿ.ಎ. ಆನರ್ಸ್ ಎಂದರೆ ಒಂದು ವಿಷಯವನ್ನು ಆಳವಾಗಿ ಓದುವುದು. ಕರ್ನಾಟಕದಲ್ಲಿ 2021ರಲ್ಲಿ ಹೊಸ ಶಿಕ್ಷಣ ನೀತಿಯೊಂದಿಗೆ ನಾಲ್ಕು ವರ್ಷದ ಆನರ್ಸ್ ಪದವಿ ಬಂತು, 2024ರಲ್ಲಿ ಸರ್ಕಾರ ಮತ್ತೆ ಮೂರು ವರ್ಷಕ್ಕೆ ಮರಳಿತು. ಇಲ್ಲಿಯದು ಅವೆರಡೂ ಅಲ್ಲ. ಅಮೆರಿಕದ ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯವೊಂದರ ಒಳಗೆ, ಅದೇ ಪದವಿ ಓದುತ್ತಲೇ, ಆಯ್ದ ಕೆಲವರು ಸಣ್ಣ ತರಗತಿಗಳಲ್ಲಿ ಕುಳಿತು ಚರ್ಚಿಸಿ, ಕೊನೆಗೆ ಒಂದು ಪ್ರೌಢಪ್ರಬಂಧ ಬರೆದು ಹೊರಬರುವ ವ್ಯವಸ್ಥೆ ಇದು. ಹುಡುಗಿ ಎಂಜಿನಿಯರಿಂಗ್ ಓದುತ್ತಿರಬಹುದು, ಇತಿಹಾಸ ಓದುತ್ತಿರಬಹುದು. ಆನರ್ಸ್ ಅದರ ಜೊತೆಗೇ ನಡೆಯುತ್ತದೆ.

ನಮಗೆ ಹತ್ತಿರದ್ದು ಟೆಂಪಿಯ ಅರಿಝೋನಾ ಸ್ಟೇಟ್ ವಿಶ್ವವಿದ್ಯಾಲಯದ ಬ್ಯಾರೆಟ್ ಆನರ್ಸ್ ಕಾಲೇಜು. 1988ರಲ್ಲಿ ಶುರುವಾದದ್ದು. ಇಂಟೆಲ್ ಕಂಪನಿಯ ಮುಖ್ಯಸ್ಥರಾಗಿದ್ದ ಕ್ರೇಗ್ ಬ್ಯಾರೆಟ್ ಮತ್ತು ಅವರ ಪತ್ನಿ ಬಾರ್ಬರಾ ಒಂದು ಕೋಟಿ ಡಾಲರ್ ದತ್ತಿ ಕೊಟ್ಟ ಮೇಲೆ ಅವರ ಹೆಸರು ಪಡೆಯಿತು. ಚಾಂಡ್ಲರ್‌ನಲ್ಲಿ ಇಂಟೆಲ್‌ನ ಚಿಪ್ ಕಾರ್ಖಾನೆಗಳಿವೆ, ನಮ್ಮವರಲ್ಲಿ ಅನೇಕರು ಅಲ್ಲೇ ದುಡಿಯುತ್ತಾರೆ, ಹಾಗಾಗಿ ಆ ಹೆಸರು ಇಲ್ಲಿಯವರಿಗೆ ಮನೆಮಾತು. ಟೆಂಪಿಯ ಆವರಣವೊಂದರಲ್ಲೇ 50,000ಕ್ಕೂ ಹೆಚ್ಚು ವಿದ್ಯಾರ್ಥಿಗಳಿದ್ದಾರೆ. ಮೊದಲ ವರ್ಷದ ರಸಾಯನಶಾಸ್ತ್ರದ ಪಾಠಕ್ಕೆ ನೂರಾರು ಮಂದಿ ಸಿನಿಮಾ ಮಂದಿರದಂಥ ಸಭಾಂಗಣದಲ್ಲಿ ತುಂಬಿರುತ್ತಾರೆ. ಅದೇ ಮಕ್ಕಳಲ್ಲಿ ಕೆಲವರು ಬ್ಯಾರೆಟ್‌ನ ಕಟ್ಟಡಕ್ಕೆ ಹೋದರೆ ಅಲ್ಲಿ ಇಪ್ಪತ್ತರ ಆಸುಪಾಸಿನ ಮಂದಿ ಮೇಜಿನ ಸುತ್ತ ಕುಳಿತಿರುತ್ತಾರೆ. 'ದ ಹ್ಯೂಮನ್ ಈವೆಂಟ್' ಎಂಬ ಎರಡು ಸೆಮಿಸ್ಟರುಗಳ ಆ ತರಗತಿಯಲ್ಲಿ ಪ್ರಾಚೀನ ಗ್ರಂಥಗಳಿಂದ ಹಿಡಿದು ಇತ್ತೀಚಿನವರೆಗಿನ ಬರಹಗಳನ್ನು ಓದಿ ಬಂದು ಮಾತನಾಡಬೇಕು. ಓದದೆ ಬಂದವರಿಗೆ ಅಡಗಿಕೊಳ್ಳಲು ಹಿಂದಿನ ಬೆಂಚೇ ಇಲ್ಲ.

ಈ ಯೋಚನೆ ಹುಟ್ಟಿದ್ದು ಇಂಥ ದೊಡ್ಡ ವಿಶ್ವವಿದ್ಯಾಲಯದಲ್ಲಿ ಅಲ್ಲ, ಪೆನ್ಸಿಲ್ವೇನಿಯಾದ ಸ್ವಾರ್ತ್‌ಮೋರ್ ಎಂಬ ಪುಟ್ಟ ಕಾಲೇಜಿನಲ್ಲಿ. ಇಂಡಿಯಾನಾ ರಾಜ್ಯದ ಫ್ರ್ಯಾಂಕ್ ಏಡಲಾಟ್ ರೋಡ್ಸ್ ವಿದ್ಯಾರ್ಥಿವೇತನದ ಮೇಲೆ ಆಕ್ಸ್‌ಫರ್ಡಿಗೆ ಹೋಗಿ ಬಂದವರು. 1921ರಲ್ಲಿ ಸ್ವಾರ್ತ್‌ಮೋರ್‌ನ ಅಧ್ಯಕ್ಷರಾದರು, ಮರುವರ್ಷವೇ ಆನರ್ಸ್ ಶುರು ಮಾಡಿದರು. ಎಲ್ಲರೂ ಒಂದೇ ವೇಗದಲ್ಲಿ ಹೆಜ್ಜೆ ಹಾಕಬೇಕೆಂಬ ಕಟ್ಟುಪಾಡಿನಿಂದ ಚುರುಕಾದ ಮಕ್ಕಳನ್ನು ಬಿಡಿಸುವುದು ಅವರ ಆಸೆ. ಕೊನೆಯ ಎರಡು ವರ್ಷ ಸಣ್ಣ ಗುಂಪಿನಲ್ಲಿ ಸೆಮಿನಾರ್, ಕಡೆಯಲ್ಲಿ ಹೊರಗಿನ ಕಾಲೇಜುಗಳಿಂದ ಬಂದ ಪರೀಕ್ಷಕರ ಮುಂದೆ ಲಿಖಿತ ಮತ್ತು ಮೌಖಿಕ ಪರೀಕ್ಷೆ. ಪಾಠ ಹೇಳಿದವರೇ ಅಂಕ ಕೊಡುತ್ತಿರಲಿಲ್ಲ. ನನಗೆ ಬಹಳ ಹಿಡಿಸಿದ ಅಂಶ ಇದೇ. ಅಂಕ ಕೊಡುವ ಅಧಿಕಾರ ಬೇರೆಯವರ ಕೈಗೆ ಹೋದ ಕ್ಷಣ ಗುರುಶಿಷ್ಯರು ಒಂದೇ ಪಕ್ಕಕ್ಕೆ ಬಂದು ನಿಲ್ಲುತ್ತಾರೆ. ಹೊರಗಿನ ಪರೀಕ್ಷಕರನ್ನು ಕರೆಸುವ ಪದ್ಧತಿ ಇವತ್ತಿಗೂ ಅಲ್ಲಿ ಉಳಿದಿದೆ.

1957ರಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿದ ಮೇಲೆ ಅಮೆರಿಕಕ್ಕೆ ತನ್ನ ಬುದ್ಧಿವಂತ ಮಕ್ಕಳ ಬಗ್ಗೆ ಒಮ್ಮೆಲೇ ಕಾಳಜಿ ಹುಟ್ಟಿತು. ಆ ಕಾಲದಲ್ಲಿ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಆನರ್ಸ್ ಒಂದರ ಹಿಂದೊಂದು ತೆರೆದವು. ಆರೆಗಾನ್ ವಿಶ್ವವಿದ್ಯಾಲಯದ ಕ್ಲಾರ್ಕ್ ಆನರ್ಸ್ ಕಾಲೇಜು 1960ರದು. ಟೆಕ್ಸಾಸ್‌ನ ಆಸ್ಟಿನ್‌ನಲ್ಲಿರುವ 'ಪ್ಲಾನ್ ಟು' ಎಂಬ ಆನರ್ಸ್ ಅದಕ್ಕೂ ಹಳೆಯದು, 1935ರದು. ಪೆನ್ಸಿಲ್ವೇನಿಯಾದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಶ್ರೈಯರ್ ಕಾಲೇಜು 1997ರಲ್ಲಿ ಒಂದು ದೊಡ್ಡ ದತ್ತಿಯಿಂದ ಈಗಿನ ರೂಪ ಪಡೆಯಿತು. ನ್ಯೂಯಾರ್ಕ್ ನಗರದ ಸರ್ಕಾರಿ ಕಾಲೇಜುಗಳ ಮೆಕಾಲೆ ಆನರ್ಸ್ ಕಾಲೇಜು 2001ರದು (ಹೆಸರು ಕೊಟ್ಟ ದಾನಿ ನಮ್ಮ ಶಾಲಾಪುಸ್ತಕದ ಮೆಕಾಲೆ ಅಲ್ಲ). ಅಲ್ಲಿ ಆಯ್ಕೆಯಾದ ಆ ರಾಜ್ಯದ ಮಕ್ಕಳಿಗೆ ಬೋಧನಾ ಶುಲ್ಕವೇ ಇಲ್ಲ.

ಅರ್ಜಿಯ ಕ್ರಮ ಒಂದೊಂದು ಕಡೆ ಒಂದೊಂದು ಬಗೆ. ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಪ್ರತ್ಯೇಕ ಅರ್ಜಿಯೇ ಇಲ್ಲ, ಪ್ರವೇಶಕ್ಕೆ ಕಳಿಸಿದ ಅರ್ಜಿಯನ್ನೇ ನೋಡಿ ಅವರೇ ಕರೆಯುತ್ತಾರೆ. ಬ್ಯಾರೆಟ್‌ಗೆ, ಶ್ರೈಯರ್‌ಗೆ, ಪ್ಲಾನ್ ಟುವಿಗೆ ಬೇರೆಯದೇ ಅರ್ಜಿ, ಬೇರೆಯದೇ ಪ್ರಬಂಧ. ಶ್ರೈಯರ್‌ನವರು ಎಸ್‌ಎಟಿ ಅಂಕವನ್ನು ಪರಿಗಣಿಸುವುದೇ ಇಲ್ಲ ಎಂದು ತಿಳಿದಾಗ ನಮ್ಮ ಪರಿಚಯದ ತಂದೆಯೊಬ್ಬರು ಹತಾಶರಾದದ್ದನ್ನು ಕಂಡಿದ್ದೇನೆ. ಮಗನ ಅಂಕ ಬಹಳ ಚೆನ್ನಾಗಿತ್ತು. ಎರಡು ಬೇಸಿಗೆ ರಜೆಗಳು ಅದಕ್ಕೇ ಸಂದಿದ್ದವು. ಹಾಗಾದರೆ ಶ್ರೈಯರ್‌ನವರು ನೋಡುವುದು ಏನನ್ನು ಎಂದು ಆ ತಂದೆ ಕೇಳಿದರು. ನ್ಯಾಯವಾದ ಪ್ರಶ್ನೆ.

ನಾವು ಬೆಳೆದ ಮನೆಗಳಲ್ಲಿ ಓದಿನ ಅಳತೆಗೋಲು ಒಂದೇ ಇತ್ತು: ಎಷ್ಟು ಬಂತು? ಎಸ್‌ಎಸ್‌ಎಲ್‌ಸಿ, ಪಿಯುಸಿ, ಸಿಇಟಿ ರ‍್ಯಾಂಕ್, ಎಲ್ಲಕ್ಕೂ ಅದೇ ಪ್ರಶ್ನೆ. ಆ ಅಳತೆಗೋಲನ್ನು ಹೀಗಳೆಯುವವಳು ನಾನಲ್ಲ. ಶಿಫಾರಸು ಇಲ್ಲದ, ಇಂಗ್ಲಿಷ್ ಬಾರದ, ಜೇಬಿನಲ್ಲಿ ದುಡ್ಡಿಲ್ಲದ ಮಕ್ಕಳನ್ನು ಬೆಂಗಳೂರಿನ, ಸುರತ್ಕಲ್ಲಿನ ಎಂಜಿನಿಯರಿಂಗ್ ಕಾಲೇಜುಗಳಿಗೆ ತಲುಪಿಸಿದ್ದು ಅದೇ ಅಂಕ. ಆದರೆ ಆನರ್ಸ್ ಅರ್ಜಿಯನ್ನು ಓದುವವರ ಮುಂದೆ ಒಳ್ಳೆಯ ಅಂಕದ ಮಕ್ಕಳೇ ಸಾಲಾಗಿ ನಿಂತಿರುತ್ತಾರೆ. ಅಂಕಪಟ್ಟಿಯ ಕೆಲಸ ಅಲ್ಲಿಗೆ ಮುಗಿಯಿತು. ಮುಂದೆ ಅವರಿಗೆ ತಿಳಿಯಬೇಕಾದದ್ದು, ಈ ಹುಡುಗನನ್ನು ಇಪ್ಪತ್ತು ಮಂದಿಯ ಮೇಜಿಗೆ ಕರೆದರೆ ಏನಾಗುತ್ತದೆ ಎಂಬುದು. ಯಾರೂ ಅಂಕ ಕೊಡದಿರುವಾಗ ಇವನ ತಲೆಯಲ್ಲಿ ಏನು ಓಡುತ್ತಿರುತ್ತದೆ? ತನಗೆ ಗೊತ್ತಿಲ್ಲದ್ದನ್ನು ಎದುರಿಗಿಟ್ಟಾಗ ಇವಳು ಏನು ಮಾಡುತ್ತಾಳೆ? ನಮ್ಮ ಮಕ್ಕಳು ತಡವರಿಸುವುದು ಇಲ್ಲೇ. ಸರಿಯುತ್ತರ ಇಲ್ಲದ ಪ್ರಶ್ನೆಯನ್ನು ಮನೆಯಲ್ಲಿ ಅವರಿಗೆ ನಾವು ಕೇಳಿರುವುದು ಅಪರೂಪ. ಅಂಥದೊಂದು ಅವರಾಗಿಯೇ ಹಿಡಿದು ಕುಳಿತಾಗ, ಸುಮ್ಮನೆ ಹೊತ್ತು ಕಳೆಯಬೇಡ, ಓದಿಕೋ ಎಂದು ಎಬ್ಬಿಸಿರುತ್ತೇವೆ.

ಅಕ್ಕನ ಮಗನ ಪ್ರಬಂಧದ ಸಂಗತಿ ಹೇಳುತ್ತೇನೆ. ಅವನು ತಂದ ಮೊದಲ ಕರಡಿನಲ್ಲಿ ರೋಬೊಟಿಕ್ಸ್ ತಂಡ, ಆಸ್ಪತ್ರೆಯಲ್ಲಿ ಸ್ವಯಂಸೇವೆ, ಗಣಿತದ ಸ್ಪರ್ಧೆ ಎಲ್ಲವೂ ಇದ್ದವು. ಒಂದು ವಾಕ್ಯವೂ ತಪ್ಪಿರಲಿಲ್ಲ. ಓದಿ ಮುಗಿಸಿದಾಗ ಅವನು ಯಾರೆಂದು ನನಗೆ, ಅವನನ್ನು ಎತ್ತಿ ಆಡಿಸಿದ ಚಿಕ್ಕಮ್ಮನಿಗೆ, ಗುರುತೇ ಸಿಗಲಿಲ್ಲ. ಪಟ್ಟಿಯಲ್ಲಿರುವುದೆಲ್ಲ ಅರ್ಜಿಯ ಬೇರೆ ಪುಟದಲ್ಲಿ ಆಗಲೇ ಇತ್ತು. "ಈ ಬೇಸಿಗೆಯಲ್ಲಿ ಯಾರೂ ಹೇಳದೆ ನೀನು ಮಾಡಿದ್ದು ಏನಾದರೂ ಇದೆಯೇ?" ಎಂದು ಕೇಳಿದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ತಾತನ ಜೊತೆ ನಾಲೆ ನೋಡಲು ಹೋಗುತ್ತಿದ್ದೆ, ಅಷ್ಟೇ ಚಿಕ್ಕಮ್ಮ" ಎಂದ.

ಅವನ ತಂದೆಯ ತಂದೆ ಮಂಡ್ಯದ ಕಡೆಯವರು. ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದಲ್ಲಿ ಜಮೀನು. ಮೇಲಿನ ಗದ್ದೆಗಳೆಲ್ಲ ಕುಡಿದು ಉಳಿದರೆ ಅವರಿಗೆ ನೀರು, ಇಲ್ಲವಾದರೆ ಇಲ್ಲ. ನೀರುಗಂಟಿಯ ದಾರಿ ಕಾಯುತ್ತ ಬದುವಿನ ಮೇಲೆ ರಾತ್ರಿಗಳನ್ನು ಕಳೆದವರು. ಆ ವರ್ಷ ಇಲ್ಲಿಗೆ ಬಂದಿದ್ದಾಗ ಟೆಂಪಿಯ ಹಳೆಯ ಬಡಾವಣೆಯಲ್ಲಿರುವ ಸ್ನೇಹಿತರ ಮನೆಗೆ ಹೋಗಿದ್ದೆವು. ಮರುಭೂಮಿಯ ನಟ್ಟನಡುವೆ, ಜೂನ್ ತಿಂಗಳ ಬಿಸಿಲಿನಲ್ಲಿ, ಮನೆಯ ಮುಂದಿನ ಹುಲ್ಲಿನಂಗಳ ನಾಟಿಗೆ ಹದಗೊಳಿಸಿದ ಗದ್ದೆಯ ಹಾಗೆ ನೀರು ತುಂಬಿ ನಿಂತಿತ್ತು. ಅವರು ಚಪ್ಪಲಿ ಬಿಟ್ಟು ಅಂಚಿಗೆ ಹೋಗಿ ನಿಂತು, ಮೊಮ್ಮಗನನ್ನು ಕೇಳಿದರು: "ಇಲ್ಲಿ ನೀರು ಬಿಡುವವರು ಯಾರಪ್ಪ? ಕೊನೆಯ ಮನೆಗೂ ಬರುತ್ತದೆಯೇ?"

ಹುಡುಗನಿಗೆ ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ಆ ನಾಲೆಗಳ ದಂಡೆಯ ಮೇಲೆ ಸೈಕಲ್ ಹೊಡೆದವನು ಅವನು. ಮರುದಿನದಿಂದ ತಾತ ಮೊಮ್ಮಗ ಇಬ್ಬರೂ ಬೆಳಿಗ್ಗೆ ಬೇಗ ಹೊರಡತೊಡಗಿದರು. ಫೀನಿಕ್ಸ್ ಕಣಿವೆಯ ನಾಲೆಗಳಲ್ಲಿ ಹಲವು, ಹೊಹೊಕಾಮ್ ಎಂಬ ಮೂಲನಿವಾಸಿಗಳು ನೂರಾರು ವರ್ಷಗಳ ಹಿಂದೆ ಕೈಯಿಂದ ತೋಡಿದ ನಾಲೆಗಳ ಜಾಡಿನಲ್ಲೇ ಇವೆ ಎಂದು ಅವನು ಕಂಡುಕೊಂಡ. 1867ರಲ್ಲಿ ಜ್ಯಾಕ್ ಸ್ವಿಲಿಂಗ್ ಎಂಬಾತ ಪಾಳುಬಿದ್ದ ಆ ನಾಲೆಗಳನ್ನು ಕಂಡು ಮತ್ತೆ ಅಗೆಸಿದ ಮೇಲೆಯೇ ಈ ಊರು ಎದ್ದದ್ದು. ಸಾಲ್ಟ್ ನದಿಗೆ ಕಟ್ಟಿದ ರೂಸ್‌ವೆಲ್ಟ್ ಅಣೆಕಟ್ಟು ಉದ್ಘಾಟನೆಯಾದದ್ದು 1911ರಲ್ಲಿ. ಕನ್ನಂಬಾಡಿಯ ಕೆಲಸ ಆರಂಭವಾದದ್ದೂ ಅದೇ ವರ್ಷ. ಆ ಹೊಂದಿಕೆ ಕೇಳಿ ತಾತನಿಗೆ ಆದ ಸಂತೋಷವನ್ನು ನಾನು ಕಣ್ಣಾರೆ ಕಂಡೆ. ಹಳೆಯ ಬಡಾವಣೆಗಳಿಗೆ ಬೇಸಿಗೆಯಲ್ಲಿ ಸುಮಾರು ಎರಡು ವಾರಕ್ಕೊಮ್ಮೆ ಸರದಿಯ ಪ್ರಕಾರ ನೀರು ಬರುತ್ತದೆ. ನಾಲೆಯ ಗೇಟು ತೆರೆಯಲು ಒಬ್ಬ ನೌಕರನಿದ್ದಾನೆ, ಅವನನ್ನು ಸ್ಪ್ಯಾನಿಷ್ ಹೆಸರಿನಿಂದ ಸಾಂಹೆರೊ ಎನ್ನುತ್ತಾರೆ. ಸರದಿ ರಾತ್ರಿ ಎರಡು ಗಂಟೆಗೆ ಬಂದರೆ ಮನೆಯವರು ಎರಡು ಗಂಟೆಗೇ ಎದ್ದು ತಮ್ಮ ಅಂಗಳದ ತೂಬು ಎತ್ತಬೇಕು. ತಾತ ಹಟ ಹಿಡಿದು ಒಂದು ರಾತ್ರಿ ಅದನ್ನೂ ಹೋಗಿ ನೋಡಿ ಬಂದರು.

ಇದನ್ನೆಲ್ಲ ಹುಡುಗ ಹೇಳುತ್ತಿದ್ದಾಗ ಅವನ ದನಿಯೇ ಬೇರೆಯಾಗಿತ್ತು. ತಾತನ ಎರಡನೆಯ ಪ್ರಶ್ನೆ ಅವನನ್ನು ಬಿಟ್ಟಿರಲಿಲ್ಲ. ಇಲ್ಲಿ ಕೊನೆಯ ಮನೆಗೆ ನೀರು ಬರುವುದು ಒಳ್ಳೆಯ ನಿಯಮದಿಂದಲೋ, ನೀರು ಹೇರಳವಾಗಿದೆ ಎಂಬುದರಿಂದಲೋ? ಬರಗಾಲ ಹೆಚ್ಚಿದರೆ ಯಾರ ಅಂಗಳ ಮೊದಲು ಒಣಗುತ್ತದೆ? ಅದಕ್ಕೆ ಅವನಲ್ಲಿ ಉತ್ತರವಿರಲಿಲ್ಲ. ಅದನ್ನೇ ಬರೆ ಎಂದೆ. ಅವನ ತಂದೆ ಒಪ್ಪಲಿಲ್ಲ. "ನಾಲೆಯ ಕಥೆ ಬರೆದರೆ ಸೀಟು ಕೊಡುತ್ತಾರೆಯೇ? ಉತ್ತರವಾದರೂ ಇರಬೇಕಲ್ಲ" ಎಂದರು. ಅಕ್ಕ ನಡುವೆ ಬಂದು, ಹುಡುಗನಿಗೆ ಬೇಕಾದ ಹಾಗೆ ಬರೆಯಲಿ ಬಿಡಿ ಎಂದಳು. ಅವನು ಬರೆದ. ಬ್ಯಾರೆಟ್‌ನಲ್ಲಿ ಸಿಕ್ಕಿತು. ಪ್ರಬಂಧದಿಂದಲೇ ಸಿಕ್ಕಿತೆಂದು ಹೇಳುವ ಅಧಿಕಾರ ನನಗಿಲ್ಲ, ಅವನ ಅಂಕಗಳೂ ಚೆನ್ನಾಗಿದ್ದವು. ಮೂರನೆಯ ವರ್ಷದಲ್ಲಿ ಪ್ರೌಢಪ್ರಬಂಧದ ವಿಷಯ ಆರಿಸುವ ಹೊತ್ತಿಗೆ ಅವನು ನೀರಿನ ಹಂಚಿಕೆಯ ಲೆಕ್ಕಾಚಾರಕ್ಕೇ ಮರಳಿದ ಎಂಬುದನ್ನು ಮಾತ್ರ ಹೇಳಬಲ್ಲೆ.

ಹಾಗೆಂದು ಎಲ್ಲರಿಗೂ ಇಂಥ ತಾತ, ಇಂಥ ನಾಲೆ ಬೇಕೆಂದಿಲ್ಲ. ಭರತನಾಟ್ಯದ ಹುಡುಗಿಯರು ರಂಗಪ್ರವೇಶದ ಬಗ್ಗೆ ಬರೆಯುತ್ತಾರೆ, ಅದು ಸವಕಲು ವಿಷಯ ಎಂದು ಸಲಹೆಗಾರರು ಹೊಡೆದುಹಾಕಿಸುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಹತ್ತು ವರ್ಷ ಕಾಲು ಸವೆಸಿದ ಸಾಧನೆ ಹೇಗೆ ಸವಕಲಾಗುತ್ತದೆ? ಆದರೆ ಆ ದಿನದ ರೇಷ್ಮೆ, ಹೂವು, ಚಪ್ಪಾಳೆಯನ್ನು ಬರೆದರೆ ಓದುವವರಿಗೆ ಏನೂ ದಕ್ಕುವುದಿಲ್ಲ. ಮೂರನೆಯ ಕಾಲದಲ್ಲಿ, ಅಂದರೆ ಅತಿ ವೇಗದಲ್ಲಿ, ತಾಳ ತಪ್ಪುತ್ತಲೇ ಇದ್ದ ಒಂದು ತೀರ್ಮಾನದ (ನೃತ್ಯದ ಭಾಗವೊಂದನ್ನು ಮುಗಿಸುವ ಹೆಜ್ಜೆಗಳ ಜೋಡಣೆ) ಬಗ್ಗೆ, ಅದು ಯಾಕೆ ತಪ್ಪುತ್ತಿತ್ತೆಂದು ತಿಳಿಯಲು ತಾನು ಹೂಡಿದ ಉಪಾಯದ ಬಗ್ಗೆ ಬರೆದರೆ ಆ ಹುಡುಗಿ ಹೇಗೆ ಯೋಚಿಸುತ್ತಾಳೆಂದು ಕಾಣುತ್ತದೆ. ದೊಡ್ಡ ವಿಷಯದ ಸಣ್ಣ ತುಣುಕನ್ನು ಹಿಡಿಯಬೇಕು. ಶಿಫಾರಸು ಪತ್ರಕ್ಕೂ ಇದೇ ಮಾತು. ಎ ಗ್ರೇಡ್ ಕೊಟ್ಟ ಶಿಕ್ಷಕರೆಲ್ಲರಿಗೂ ನಮ್ಮ ಮಗು ನೆನಪಿರುವುದಿಲ್ಲ. ಪಾಠದ ಮೇಲೆ ವಾದ ಮಾಡಿ, ಸೋತು, ಮರುದಿನ ಮತ್ತೆ ಬಂದ ವಿದ್ಯಾರ್ಥಿ ನೆನಪಿರುತ್ತಾನೆ.

ಪ್ರಬಂಧ ಬರೆದುಕೊಡುವ ಸಲಹೆಗಾರರ ಬಗ್ಗೆ ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ಸಾವಿರಾರು ಡಾಲರ್ ತೆಗೆದುಕೊಂಡು ಹದಿನೇಳರ ಮಗುವಿನ ಬಾಯಿಗೆ ನಲವತ್ತರವರ ಮಾತು ತುರುಕುತ್ತಾರೆ. ಹಣ ಹೋದರೆ ಹೋಯಿತು. ನಿನ್ನ ಮಾತು ಸಾಲದು ಎಂಬುದನ್ನು ಅವಳ ತಾಯಿತಂದೆಯೇ ದುಡ್ಡು ಕೊಟ್ಟು ಅವಳಿಗೆ ಹೇಳಿಸಿದಂತಾಯಿತಲ್ಲ! ಮರುವರ್ಷ ಅದೇ ಹುಡುಗಿ ಆ ಮೇಜಿನ ಮುಂದೆ ಸ್ವಂತ ಮಾತು ಆಡಬೇಕು. ಕಾಗುಣಿತ ನೋಡಿಕೊಡಿ, ಗೊತ್ತಾಗದ ವಾಕ್ಯಕ್ಕೆ ಗೆರೆ ಎಳೆಯಿರಿ, ಅಲ್ಲಿಗೆ ಲೇಖನಿ ಕೆಳಗಿಡಿ.

ಈ ವ್ಯವಸ್ಥೆಯ ಬಗ್ಗೆ ನನಗೆ ಒಂದು ಅಳುಕೂ ಇದೆ. ಅರಿಝೋನಾ ಸ್ಟೇಟ್ ತಾನು ಯಾರನ್ನು ಹೊರಗಿಡುತ್ತದೆ ಎಂಬುದರಿಂದ ಅಳೆಯಬೇಡಿ, ಯಾರನ್ನು ಒಳಗೊಳ್ಳುತ್ತದೆ ಎಂಬುದರಿಂದ ಅಳೆಯಿರಿ ಎಂದು ತನ್ನ ಸನ್ನದಿನಲ್ಲೇ ಸಾರಿಕೊಂಡಿದೆ. ನನಗೆ ಆ ಮಾತಿನ ಬಗ್ಗೆ ಗೌರವವಿದೆ. ಅದರ ಒಳಗೇ ಆಯ್ಕೆಯ ಕಾಲೇಜೊಂದು, ಅದಕ್ಕೆ ಬೇರೆ ವಸತಿ, ಬೇರೆ ಊಟದ ಮನೆ. ನಾಲೆಯ ಮೊದಲ ತೂಬಿನವರಿಗೆ ಸಣ್ಣ ತರಗತಿ, ಹೆಸರು ಹಿಡಿದು ಕರೆಯುವ ಅಧ್ಯಾಪಕರು. ಕೊನೆ ಭಾಗದವರಿಗೆ ಸಿನಿಮಾ ಮಂದಿರ. ಆಯ್ಕೆಯಾದವರಲ್ಲಿ ಬಹಳ ಮಂದಿ ನಮ್ಮಂಥ ಓದುಬರಹದ, ಉಳ್ಳವರ ಮನೆಯ ಮಕ್ಕಳೇ. ಇನ್ನೊಂದು ಕಡೆ, ಖಾಸಗಿ ಕಾಲೇಜಿನ ದುಬಾರಿ ಶುಲ್ಕ ಕಟ್ಟಲಾರದ ಮನೆಯ ಹುಡುಗಿಗೆ ತನ್ನ ರಾಜ್ಯದಲ್ಲೇ, ರಾಜ್ಯದವರ ಶುಲ್ಕದಲ್ಲಿ, ಏಡಲಾಟ್ ಕನಸಿದಂಥ ತರಗತಿ ಸಿಗುವ ದಾರಿಯೂ ಇದೊಂದೇ. ಎರಡೂ ನಿಜ. ನನ್ನ ಮಕ್ಕಳಿಗೆ ಅದು ಬೇಕೆಂದು ಆಸೆಪಟ್ಟವಳೂ ನಾನೇ, ಎಲ್ಲರಿಗೂ ಅಂಥ ಮೇಜು ಸಿಗಬೇಕೆಂದು ಹೇಳುವವಳೂ ನಾನೇ.

ಸೇರುವ ಮುನ್ನ ಏನು ವಿಚಾರಿಸಬೇಕೆಂದು ಕೇಳುವವರಿಗೆ ನಾನು ಹೇಳುವುದು ಹೊಸ ವಸತಿಗೃಹದ ಚೆಂದ ನೋಡಿ ಮರುಳಾಗಬೇಡಿ ಎಂದು. ಆನರ್ಸ್ ಮಕ್ಕಳಿಗೆಂದೇ ನಡೆಯುವ ತರಗತಿಗಳು ಎಷ್ಟಿವೆ, ಅಥವಾ ಎಲ್ಲರ ಜೊತೆ ಕುಳಿತು ಅಧ್ಯಾಪಕರೊಂದಿಗೆ ಒಪ್ಪಂದ ಮಾಡಿಕೊಂಡು ಹೆಚ್ಚಿನ ಕೆಲಸ ಮಾಡುವುದನ್ನೇ ಆನರ್ಸ್ ಎಂದು ಎಣಿಸುತ್ತಾರೆಯೇ, ಕೇಳಿ. ಪ್ರೌಢಪ್ರಬಂಧ ಕಡ್ಡಾಯವೇ, ಅದಕ್ಕೆ ಮಾರ್ಗದರ್ಶಕರು ಸುಲಭವಾಗಿ ಸಿಗುತ್ತಾರೆಯೇ ಎಂದು ಮೂರನೆಯ ವರ್ಷದ ವಿದ್ಯಾರ್ಥಿಯನ್ನೇ ಕೇಳಿ. ಪ್ರವೇಶ ಕಚೇರಿಯವರಿಗಿಂತ ಅವನು ನೇರವಾಗಿ ಹೇಳುತ್ತಾನೆ. ಶುರು ಮಾಡಿ ನಡುವೆ ಬಿಟ್ಟವರು ಎಷ್ಟು ಮಂದಿ ಎಂಬುದೂ ತಿಳಿಯಬೇಕು. ಬ್ಯಾರೆಟ್‌ನಲ್ಲಿ ಇರುವಂತೆ ಕೆಲವು ಕಡೆ ಪ್ರತ್ಯೇಕ ಶುಲ್ಕವಿದೆ, ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಹೋದ ವರ್ಷ ನಮ್ಮ ಬಳಗದ ಹುಡುಗಿಯೊಬ್ಬಳಿಗೆ ಆನರ್ಸ್ ಸಿಗಲಿಲ್ಲ, ಅದೇ ವಿಶ್ವವಿದ್ಯಾಲಯದಲ್ಲಿ ಸಾಮಾನ್ಯ ಪ್ರವೇಶ ಸಿಕ್ಕಿತು. ಮನೆಯಲ್ಲಿ ಸೂತಕದ ವಾತಾವರಣ. ಅವಳಿಗೂ ಅವಳ ತಾಯಿಗೂ ನಾನು ಸ್ವಾರ್ತ್‌ಮೋರ್‌ನ ಪದ್ಧತಿಯನ್ನೇ ಹೇಳಿದೆ. ಅಲ್ಲಿ ಹದಿನೇಳರ ವಯಸ್ಸಿನಲ್ಲಿ ಯಾರನ್ನೂ ಆನರ್ಸ್‌ಗೆ ಆರಿಸುವುದಿಲ್ಲ. ಎರಡನೆಯ ವರ್ಷದ ವಸಂತದಲ್ಲಿ, ಕಾಲೇಜು ಎಂದರೆ ಏನೆಂದು ತಿಳಿದ ಮೇಲೆ, ಮಕ್ಕಳು ಅರ್ಜಿ ಹಾಕುತ್ತಾರೆ. ಬ್ಯಾರೆಟ್‌ನಲ್ಲಿ, ಶ್ರೈಯರ್‌ನಲ್ಲಿ ಕೂಡ ಈಗಾಗಲೇ ಓದುತ್ತಿರುವವರಿಗೆ ಒಳಗೆ ಬರಲು ಅವಕಾಶವಿದೆ, ಇದು ನಮ್ಮವರಲ್ಲಿ ಅನೇಕರಿಗೆ ತಿಳಿದೇ ಇಲ್ಲ. ಆಗ ಶಿಫಾರಸು ಬರೆಯುವವರು ಕಾಲೇಜಿನ ಅಧ್ಯಾಪಕರು. ಆದ್ದರಿಂದ ಮೊದಲ ಸೆಮಿಸ್ಟರಿನಲ್ಲೇ ಒಬ್ಬರು ಅಧ್ಯಾಪಕರು ಭೇಟಿಗೆಂದು ಇಟ್ಟ ವೇಳೆಗೆ ಹೋಗಿ ಕುಳಿತುಕೋ ಎಂದೆ. "ಹೋಗಿ ಏನು ಕೇಳಲಿ ಆಂಟಿ?" ಎಂದಳು. ತರಗತಿಯಲ್ಲಿ ಅರ್ಥವಾಗದೆ ಉಳಿದದ್ದನ್ನು ಕೇಳು ಎಂದೆ. ಸಂಖ್ಯಾಶಾಸ್ತ್ರದ ಪಾಠದಲ್ಲಿ ಅವಳಿಗೆ ಅಂಥದೊಂದು ಇತ್ತಂತೆ. ವಾರಕ್ಕೊಮ್ಮೆ ಹೋಗಲು ಶುರು ಮಾಡಿದಳು. ಈಗ ಆ ಅಧ್ಯಾಪಕರ ಸಂಶೋಧನೆಗೆ ಸಮೀಕ್ಷೆಯ ಮಾಹಿತಿ ಹೊಂದಿಸಿಕೊಡುತ್ತಿದ್ದಾಳೆ. ಈ ಬಾರಿ ಆನರ್ಸ್ ಅರ್ಜಿಯ ಪ್ರಬಂಧವನ್ನು ನನಗೆ ತೋರಿಸಲಿಲ್ಲ, ತಾನೇ ಕಳಿಸಿದಳು. ಫಲಿತಾಂಶ ಇನ್ನೂ ಬಂದಿಲ್ಲ.